ಸೋತ ಸೀಸನ್ನಿನ ಲೆಕ್ಕ ಬಿಡಿಸುವುದು ಹೇಗೆ: ಅಮೆರಿಕದ ಕಾಲೇಜು ಫುಟ್‌ಬಾಲ್

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದೊಡ್ಡ ತಂಡಗಳಿಗೆ ಸೀಸನ್ನಿಗೆ ಸಿಗುವುದು 12 ಪಂದ್ಯ. ಆರು ಗೆದ್ದರೆ ಬೌಲ್ ಪಂದ್ಯಕ್ಕೆ (ಸೀಸನ್ ನಂತರದ ಹೆಚ್ಚುವರಿ ಪಂದ್ಯ) ಅರ್ಹತೆ, ಇಲ್ಲದಿದ್ದರೆ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಆಟ ಮುಗಿಯಿತು. ಪಂದ್ಯಗಳೇ ಇಷ್ಟು ಕಡಿಮೆ ಇರುವಾಗ ಗೆಲುವು-ಸೋಲಿನ ಎರಡು ಅಂಕಿ ನೋಡಿ ತಂಡದ ಹಣೆಬರಹ ಬರೆಯಬಾರದು. ಸೋಲು ಎಲ್ಲಿಂದ ಬಂತು ಎಂದು ಬಿಡಿಸಿ ನೋಡಬೇಕು. ಉದಾಹರಣೆಗೆ ನೆಬ್ರಾಸ್ಕಾ ವಿಶ್ವವಿದ್ಯಾಲಯ ತಂಡದ 2021ರ ಸೀಸನ್ ತೆಗೆದುಕೊಳ್ಳೋಣ: 3 ಗೆಲುವು, 9 ಸೋಲು.

ಒಂದು ಶೀಟ್‌ನಲ್ಲಿ 12 ಸಾಲು ಹಾಕಿ. ಎದುರಾಳಿ, ಸ್ಕೋರ್, ಅಂತರ, ಟರ್ನೋವರ್ (ಚೆಂಡು ಎದುರಾಳಿಯ ಪಾಲಾಗುವುದು), ಸ್ಪೆಷಲ್ ಟೀಮ್ಸ್‌ನಿಂದ (ಚೆಂಡು ಒದೆಯುವಾಗ ಆಡುವ ಪಡೆ) ಬಂದ ಮತ್ತು ಹೋದ ಅಂಕ, ಪ್ರತಿ ಪ್ಲೇಗೆ (ಚೆಂಡು ಮುಂದೊಯ್ಯುವ ಒಂದು ಯತ್ನ) ಯಾರ್ಡ್, ಇಷ್ಟು ಕಾಲಂ ಸಾಕು. ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶ ಪಟ್ಟಿ) ಆಯಾ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ತಾಣದಲ್ಲೇ ಸಿಗುತ್ತದೆ. ಒಟ್ಟು ಯಾರ್ಡ್ ನಂಬಬೇಡಿ. ಹೆಚ್ಚು ಪ್ಲೇ ಆಡಿದ ತಂಡಕ್ಕೆ ಅದು ಸುಮ್ಮನೆ ಬೆಳೆಯುತ್ತದೆ.

ಮೊದಲು ಅಂತರದ ಕಾಲಂ. ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿದರೆ) 6, ಅದರ ಮೇಲೆ ಎರಡಂಕದ ಪ್ರಯತ್ನ, ಒಟ್ಟು 8. ಹಾಗಾಗಿ 8 ಅಥವಾ ಅದಕ್ಕಿಂತ ಕಡಿಮೆ ಅಂತರದ ಸೋಲನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ನೆಬ್ರಾಸ್ಕಾದ ಒಂಬತ್ತು ಸೋಲುಗಳಲ್ಲಿ ಎಂಟು ಈ ಗೆರೆಯೊಳಗೇ ಬಿದ್ದವು. ಒಂಬತ್ತನೆಯದಾದ ಓಹಾಯೋ ಸ್ಟೇಟ್ ಪಂದ್ಯ 26-17, ಅಂದರೆ 9 ಅಂಕ. ಸೀಸನ್ ಪೂರ್ತಿ ಕೂಡಿದರೆ ಗಳಿಸಿದ್ದು 335, ಬಿಟ್ಟುಕೊಟ್ಟಿದ್ದು 272. ಒಂಬತ್ತು ಸೋತ ತಂಡದ ಖಾತೆಯಲ್ಲಿ 63 ಅಂಕ ಲಾಭ!

ಇಲ್ಲೇ ಹೆಚ್ಚಿನವರು ಎಡವುವುದು. ಈ 63ರೊಳಗೆ ಏನಿದೆ ನೋಡಿ. ಕೆಳ ದರ್ಜೆಯ ಫೋರ್ಡಮ್ ಮೇಲಿನ 52-7 ತೆಗೆದರೆ ಉಳಿಯುವುದು 18. ನಾರ್ತ್‌ವೆಸ್ಟರ್ನ್ ಮೇಲಿನ 56-7 ಕೂಡ ಬದಿಗಿಟ್ಟರೆ ಲೆಕ್ಕ 31 ಅಂಕ ನಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಕೂಡಿಸುವ ಮುನ್ನ ಕೆಳ ದರ್ಜೆಯ ಎದುರಾಳಿಯನ್ನು ಖಂಡಿತ ತೆಗೆಯಿರಿ. ಉಳಿದ ಪಂದ್ಯಗಳಲ್ಲಿ ನಾಲ್ಕನೇ ಕ್ವಾರ್ಟರ್‌ಗೆ ಅಂತರ 21 ದಾಟಿದ್ದರೆ ಆ ಮೇಲಿನ ಪ್ಲೇಗಳನ್ನೂ ಬಿಟ್ಟುಬಿಡಿ. ಆಗ ಎರಡೂ ಕಡೆ ಆಡುವುದು ಬೆಂಚಿನ ಹುಡುಗರು.

ಮುಂದಿನದು ಸ್ಪೆಷಲ್ ಟೀಮ್ಸ್. ಇದನ್ನು ಅವಸರದಲ್ಲಿ ದಾಟಬೇಡಿ, ಕೂದಲೆಳೆಯ ಸೋಲುಗಳ ಕಾರಣ ಬಹುಪಾಲು ಇಲ್ಲೇ ಅಡಗಿರುತ್ತದೆ. ಆ ವರ್ಷ ಇಲಿನಾಯ್ ವಿರುದ್ಧ 30-22 ಸೋಲಿನಲ್ಲಿ ಎರಡು ಎಕ್ಸ್‌ಟ್ರಾ ಪಾಯಿಂಟ್ (ಟಚ್‌ಡೌನ್ ನಂತರ ಒದ್ದು ಗಳಿಸುವ 1 ಅಂಕ) ತಪ್ಪಿದವು, ಗೋಲ್ ಲೈನ್ ಹತ್ತಿರ ಪಂಟ್ (ಎದುರಾಳಿಯತ್ತ ದೂರಕ್ಕೆ ಒದ್ದ ಚೆಂಡು) ಹಿಡಿಯಲು ಹೋಗಿ ಸೇಫ್ಟಿ (ತನ್ನದೇ ಗೋಲ್ ಲೈನ್ ಹಿಂದಿನ ತಪ್ಪಿಗೆ ಎದುರಾಳಿಗೆ 2 ಅಂಕ) ಕೊಟ್ಟರು. ಒಕ್ಲಹೋಮಾ ಪಂದ್ಯದಲ್ಲಿ ತಡೆದ ಎಕ್ಸ್‌ಟ್ರಾ ಪಾಯಿಂಟ್ ಅನ್ನು ಎದುರಾಳಿ ಎತ್ತಿಕೊಂಡು ಓಡಿ 2 ಅಂಕ ಮಾಡಿಕೊಂಡಿತು. ನೆಬ್ರಾಸ್ಕಾದ 1 ಹೋಯಿತು, ಎದುರಾಳಿಗೆ 2 ಬಂತು; ಶೀಟ್‌ನಲ್ಲಿ ಬರೆಯಬೇಕಾದ್ದು 3. ಮಿಶಿಗನ್ ಸ್ಟೇಟ್ ವಿರುದ್ಧ 20-13 ಮುಂದಿದ್ದಾಗ, ಆಟ ಮುಗಿಯಲು ನಾಲ್ಕು ನಿಮಿಷವೂ ಇಲ್ಲದಾಗ, ಪಂಟ್ ಹಿಡಿದವನನ್ನು ತಡೆಯಬೇಕಾದ ಆಟಗಾರರು ಒಂದು ಬದಿಗೆ ಓಡಿದರು, ಪಂಟ್ ಇನ್ನೊಂದು ಬದಿಗೆ ಹೋಯಿತು. 62 ಯಾರ್ಡ್ ರಿಟರ್ನ್, ಟಚ್‌ಡೌನ್, ಓವರ್‌ಟೈಮ್‌ನಲ್ಲಿ ಸೋಲು. ಅಯೋವಾ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲೂ ಎದುರಾಳಿ ತಡೆದ ನೆಬ್ರಾಸ್ಕಾದ ಪಂಟ್ ಅವರಿಗೇ ಟಚ್‌ಡೌನ್ ಆಯಿತು. ತಪ್ಪಿದ ಫೀಲ್ಡ್ ಗೋಲ್‌ಗಳಲ್ಲಿ (ಕಂಬಗಳ ನಡುವೆ ಒದ್ದು ಗಳಿಸುವ 3 ಅಂಕ) 40 ಯಾರ್ಡ್ ಒಳಗಿನದಕ್ಕೆ ಪೂರ್ತಿ 3 ಹಾಕಿ. 50 ದಾಟಿದ್ದನ್ನು ಕಿಕ್ಕರ್ ತಲೆಗೆ ಕಟ್ಟಬೇಡಿ.

ಟರ್ನೋವರ್‌ನಲ್ಲಿ ಇಂಟರ್‌ಸೆಪ್ಷನ್ (ಎಸೆದ ಪಾಸ್ ಎದುರಾಳಿ ಹಿಡಿಯುವುದು) ಮತ್ತು ಫಂಬಲ್ (ಕೈಯಲ್ಲಿದ್ದ ಚೆಂಡು ಬೀಳುವುದು) ಬೇರೆ ಬೇರೆ ಬರೆಯಿರಿ. ಕೈಜಾರುವುದು ತಂಡದ ತಪ್ಪು, ಆದರೆ ಬಿದ್ದ ಚೆಂಡು ಯಾರ ಕೈಗೆ ಸೇರುತ್ತದೆ ಎಂಬುದು ಬಹುಪಾಲು ಅದೃಷ್ಟ. ತಾನು ಬೀಳಿಸಿದ ಚೆಂಡಿನಲ್ಲಿ ಮುಕ್ಕಾಲು ಭಾಗ ಕಳೆದುಕೊಂಡ ತಂಡಕ್ಕೆ ಮುಂದಿನ ವರ್ಷವೂ ಹಾಗೇ ಆಗುತ್ತದೆಂದು ಎಣಿಸಬೇಕಿಲ್ಲ. ಇಂಟರ್‌ಸೆಪ್ಷನ್ ಹಾಗಲ್ಲ. ಅದು ಥರ್ಡ್ ಡೌನ್‌ನಲ್ಲಿ (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಎಂಟು-ಹತ್ತು ಯಾರ್ಡ್ ಬೇಕಿದ್ದಾಗ ಬಂತೇ ನೋಡಿ. ಬಂದಿದ್ದರೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬೈಯುವ ಮೊದಲು ಫಸ್ಟ್ ಡೌನ್ ಪ್ಲೇಗಳನ್ನು ತೆಗೆದು ನೋಡಬೇಕು.

ಓಟದ ಸರಾಸರಿಯಲ್ಲಿ ಒಂದು ಬಲೆ ಇದೆ. 2021ರ ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ನ (ಪಾಸ್ ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ನಷ್ಟವನ್ನು ಓಟದ ಲೆಕ್ಕಕ್ಕೇ ಸೇರಿಸುತ್ತಿದ್ದರು. ವೃತ್ತಿಪರ ಲೀಗ್‌ ಎನ್‌ಎಫ್‌ಎಲ್‌ನಲ್ಲಿ ಅದು ಪಾಸಿಂಗ್‌ಗೆ ಹೋಗುತ್ತದೆ. ಬಾಕ್ಸ್ ಸ್ಕೋರ್‌ನಲ್ಲಿ 30 ಓಟ, 90 ಯಾರ್ಡ್ ಎಂದಿದ್ದರೆ ಸರಾಸರಿ 3. ಅದರಲ್ಲಿ 5 ಸ್ಯಾಕ್, 35 ಯಾರ್ಡ್ ನಷ್ಟ ಇದ್ದರೆ ನಿಜವಾದ ಓಟ 25, ಯಾರ್ಡ್ 125, ಸರಾಸರಿ 5. ಓಟ ಚೆನ್ನಾಗಿಯೇ ಇದೆ, ಕೈಕೊಟ್ಟಿದ್ದು ಪಾಸ್ ರಕ್ಷಣೆ. ಎರಡಕ್ಕೂ ಮದ್ದು ಬೇರೆ.

ಇಷ್ಟಾದ ಮೇಲೂ 'ಎಲ್ಲ ದುರದೃಷ್ಟ, ಮುಂದಿನ ವರ್ಷ ಸರಿಹೋಗುತ್ತದೆ' ಎಂದು ಬರೆಯುವ ಮುನ್ನ ಹಿಂದಿನ ಮೂರ್ನಾಲ್ಕು ವರ್ಷದಲ್ಲಿ 8 ಅಂಕದೊಳಗೆ ಮುಗಿದ ಪಂದ್ಯಗಳನ್ನೂ ಎಣಿಸಿ. ಒಂದು ಸೀಸನ್ನಿನ ಸಣ್ಣ ಸೋಲು ಅದೃಷ್ಟ ಇರಬಹುದು. ವರ್ಷಗಟ್ಟಲೆ ಮುಂದುವರಿದರೆ ಅದು ಚಾಳಿ. ಸ್ಕಾಟ್ ಫ್ರಾಸ್ಟ್ ಕೋಚ್ ಆಗಿದ್ದ ಅಷ್ಟೂ ಕಾಲ ನೆಬ್ರಾಸ್ಕಾ ಇಂಥ ಪಂದ್ಯಗಳಲ್ಲಿ ಗೆದ್ದದ್ದು 5, ಸೋತದ್ದು 22. 2022ರ ಸೆಪ್ಟೆಂಬರ್‌ನಲ್ಲಿ ಅವರನ್ನು ಕೈಬಿಟ್ಟರು, ತಂಡ ಆ ವರ್ಷ 4-8ಕ್ಕೆ ನಿಂತಿತು. ಬೌಲ್ ಪಂದ್ಯ ಮತ್ತೆ ಕಂಡದ್ದು 2024ರಲ್ಲಿ.

ಕೊನೆಗೆ ಆಟಗಾರರ ಪಟ್ಟಿ. ಅಫೆನ್ಸಿವ್ ಲೈನ್‌ನ (ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಕಾಯುವವರು) ಐವರಲ್ಲಿ ಎಷ್ಟು ಮಂದಿ ಉಳಿಯುತ್ತಾರೆ, ಪಂಟರ್ ಮತ್ತು ಕಿಕ್ಕರ್ ಬದಲಾಗುತ್ತಾರೆಯೇ ಎಂಬುದನ್ನು ಮೊದಲು ಬರೆದುಕೊಳ್ಳಿ. ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ಆಟಗಾರರ ನೋಂದಣಿ) ಈ ಪಟ್ಟಿ ತಲೆಕೆಳಗಾಗುವುದು ಮಾಮೂಲಿ, ಆಗಸ್ಟ್‌ನ ಅಭ್ಯಾಸ ಶಿಬಿರ ಶುರುವಾದಾಗ ಇನ್ನೊಮ್ಮೆ ತಿದ್ದಿ.