ಊರಿನ ಹೆಸರಿನಲ್ಲಿ ‘ಕೂಡಲ’ ಕಂಡರೆ ಅರ್ಥ ಬಿಡಿಸುವುದು ಹೀಗೆ

ಕೂಡಲಿ, ಕೂಡಲಸಂಗಮ, ತಿರುಮಕೂಡಲು. ಮೂರರಲ್ಲೂ ಇರುವುದು ‘ಕೂಡು’ ಎಂಬ ಕ್ರಿಯಾಪದ. ಅದಕ್ಕೆ ‘ಅಲ್’ ಸೇರಿದರೆ ‘ಕೂಡಲ್’, ಅಂದರೆ ಕೂಡುವಿಕೆ, ಕೂಡುವ ಜಾಗ. ಹಳಗನ್ನಡದ ಕಡಲ್, ಮುಗಿಲ್ ಮುಂದೆ ಕಡಲು, ಮುಗಿಲು ಆದ ಹಾಗೆ ಇದೂ ಕೊನೆಗೊಂದು ಸ್ವರ ಹಚ್ಚಿಕೊಂಡಿತು. ತಮಿಳಿನಲ್ಲೂ ಕೂಡಲ್ ಇದೆ. ಬೇರು ದ್ರಾವಿಡದ್ದು, ಸಂಸ್ಕೃತ ನಿಘಂಟು ತೆರೆಯಬೇಕಿಲ್ಲ.

ಮೊದಲು ಹೆಸರನ್ನು ಕನ್ನಡ ಲಿಪಿಯಲ್ಲೇ ಓದಿ. ಇಂಗ್ಲಿಷ್ ಫಲಕದ Ku ನೋಡಿ ಹೊರಟರೆ ‘ಕೂ’, ‘ಕು’ ಎರಡೂ ಒಂದೇ ಆಗಿಬಿಡುತ್ತವೆ. ‘ಕೂ’ ದೀರ್ಘವೇ ಎಂದು ಖಚಿತವಾದ ಮೇಲೆ ಪದ ಒಡೆಯಿರಿ. ಕೂಡಲಸಂಗಮದಲ್ಲಿ ಒಂದು ತೊಡಕಿದೆ: ‘ಸಂಗಮ’ ಸಂಸ್ಕೃತದ ಸಂ + ಗಮ್, ಜೊತೆಯಾಗಿ ಸಾಗುವುದು. ಎರಡು ಭಾಗಕ್ಕೂ ಅರ್ಥ ಒಂದೇ, ‘ನಡುಮಧ್ಯೆ’ ಅನ್ನುತ್ತೇವಲ್ಲ, ಹಾಗೆ. ‘ಕೂಡಲ’ಕ್ಕೆ ಬೇರೆ ಅರ್ಥ ಕಟ್ಟಲು ಹೋಗಬೇಡಿ. ಬಸವಣ್ಣನವರ ಅಂಕಿತದಲ್ಲಿ ನಿಂತಿರುವುದೂ ಈ ಜೋಡಿಯೇ.

ಆಮೇಲೆ ನೀರು ನೋಡಿ. ಅರ್ಥ ನಿಲ್ಲುವುದು ಇಲ್ಲೇ. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುತ್ತವೆ. ಅಲ್ಲಿಂದಾಚೆ ಹೊಳೆಯ ಹೆಸರೇ ತುಂಗಭದ್ರಾ. ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ತಿ. ನರಸೀಪುರದ ‘ತಿ.’ ಅಂದರೆ ತಿರುಮಕೂಡಲು. ಅಲ್ಲಿ ಕಾವೇರಿಗೆ ಕಪಿಲೆ (ಕಬಿನಿ) ಸೇರುತ್ತದೆ. ಮೂರನೆಯದು ಗುಪ್ತವಾಗಿ ಹರಿಯುತ್ತದೆಂಬ ನಂಬಿಕೆಯ ಸ್ಫಟಿಕ ಸರೋವರ. ನಕ್ಷೆಯಲ್ಲಿ ಹುಡುಕಿದರೆ ಸಿಗುವುದು ಎರಡೇ. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಹರಡಿಕೊಂಡಿರುವುದರಿಂದ ದಡದಲ್ಲಿ ನಿಂತರೆ ಎರಡು ಹೊಳೆ ಅಂತ ಗೊತ್ತೇ ಆಗುವುದಿಲ್ಲ. ನಕ್ಷೆಯಲ್ಲಿ ನೀರು ಹರಿದು ಬರುವ ದಿಕ್ಕಿಗೆ ಸರಿಯುತ್ತ ಹೋಗಿ, ಕೃಷ್ಣಾ, ಮಲಪ್ರಭಾ ಬೇರೆಬೇರೆಯಾಗುತ್ತವೆ.

ಎಡವುವುದು ಎಲ್ಲಿ? ಅಕ್ಷರ ಹೋಲಿದ್ದಕ್ಕೇ ತೀರ್ಮಾನಕ್ಕೆ ಬಂದಾಗ. ಕೂಡ್ಲಿಗಿಯಲ್ಲಿ ಎರಡು ನದಿ ಕೂಡುವುದಿಲ್ಲ. ಉತ್ತರ ಕರ್ನಾಟಕದವರ ‘ಕೂಡ್ರಿ’ ಅಂದರೆ ಕುಳಿತುಕೊಳ್ಳಿ ಎಂದು, ಅದಕ್ಕೂ ಸಂಗಮಕ್ಕೂ ನಂಟಿಲ್ಲ. ಕೂಟ, ಕೂಡುಕುಟುಂಬ, ಕೂಡುರಸ್ತೆ, ದಿನವೂ ಬಾಯಲ್ಲಿರುವ ‘ಕೂಡಲೇ’ ಮಾತ್ರ ಈ ಬೇರಿನವೇ.

ಮಂಗಳೂರಿನ ತುಳು ಹೆಸರು ‘ಕುಡ್ಲ’ಕ್ಕೆ ಮೇಲಿನ ದೀರ್ಘದ ಲೆಕ್ಕ ಹಾಕಬೇಡಿ. ಅಲ್ಲಿರುವುದು ಹ್ರಸ್ವ, ಆದರೂ ಕೂಡುವ ಜಾಗವೆಂದೇ ಅರ್ಥ ಹೇಳುವುದು ರೂಢಿ. ನೇತ್ರಾವತಿ, ಗುರುಪುರ ಹೊಳೆಗಳು ಅಳಿವೆಯಲ್ಲಿ ಕೂಡುವುದಂತೂ ಕಣ್ಣಿಗೆ ಕಾಣುತ್ತದೆ.