ಮನೆಮಂದಿಯ ದಿನಚರಿಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಕೊಡಗಿನ ಛಾಯಾಚಿತ್ರ ಎಂದೊಡನೆ ಅದರಲ್ಲಿ ಏನಿರುತ್ತದೆ ಎಂಬುದನ್ನು ನೋಡುವ ಮೊದಲೇ ಊಹಿಸಬಹುದು: ರಾಜಾಸೀಟಿನ ಮಂಜು, ಅಬ್ಬಿ ಜಲಪಾತ, ಕುಪ್ಯಚೇಲೆ ತೊಟ್ಟು ನಡುವಿಗೆ ಪೀಚೆಕತ್ತಿ ಸಿಕ್ಕಿಸಿಕೊಂಡ ಯಜಮಾನರು. ಇವು ಸುಳ್ಳಲ್ಲ. ಆದರೆ ಕುಪ್ಯಚೇಲೆ ಹಬ್ಬಕ್ಕೋ ಮದುವೆಗೋ ಪೆಟ್ಟಿಗೆಯಿಂದ ಹೊರಬರುವ ಉಡುಪು. ಉಳಿದ ದಿನಗಳಲ್ಲಿ ಅದೇ ಯಜಮಾನರು ಹಳೆಯ ಸ್ವೆಟರ್ ಹಾಕಿ, ಕಾಲಿಗೆ ಗಂಬೂಟು ಏರಿಸಿ, ಜಿಗಣೆಗೆಂದು ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ತೋಟಕ್ಕೆ ಹೊರಡುತ್ತಾರೆ. ಆ ಉಳಿದ ದಿನಗಳ ಚಿತ್ರ ತೆಗೆಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಜನರನ್ನು ಉಡುಪಿನಿಂದ ಗುರುತಿಸುವ ಚಾಳಿ ನಮ್ಮ ದೇಶದಲ್ಲಿ ಕ್ಯಾಮೆರಾದಷ್ಟೇ ಹಳೆಯದು. ಬ್ರಿಟಿಷ್ ಆಡಳಿತವು 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ಭಾರತದ ಜಾತಿ, ಬುಡಕಟ್ಟುಗಳ ಚಿತ್ರಗಳನ್ನು ಪ್ರಕಟಿಸಿತು. ಅಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಮಾದರಿಗಳೇ ಕಾಣುತ್ತವೆ. 2011ರ ಜನಗಣತಿಯು ಹತ್ತು ಸಾವಿರಕ್ಕೂ ಹೆಚ್ಚು ಜನರಾಡುವ 121 ಭಾಷೆಗಳನ್ನು ಲೆಕ್ಕ ಹಾಕಿದ ಈ ದೇಶದ ವೈವಿಧ್ಯವನ್ನು ಉಡುಪಿನ ಸಾಲು ನಿಲ್ಲಿಸಿ ತೋರಿಸಲು ಹೊರಟರೆ ಶಾಲಾ ವಾರ್ಷಿಕೋತ್ಸವದ ವೇಷಧಾರಿಗಳ ಸಾಲಷ್ಟೇ ಸಿಗುತ್ತದೆ. ಬದಲಿಗೆ ಎಲ್ಲ ಮನೆಗಳಲ್ಲೂ ನಡೆಯುವ ಒಂದೇ ಕೆಲಸವನ್ನು ಆರಿಸಿಕೊಂಡರೆ, ಅದು ಒಂದೊಂದು ಮನೆಯಲ್ಲಿ ಒಂದೊಂದು ರೀತಿ ನಡೆಯುವುದರಿಂದ, ವ್ಯತ್ಯಾಸ ತಾನಾಗಿಯೇ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳುವುದು. ಬೆಳಗಿನ ಏಳು ಗಂಟೆ ಎಂದಿಟ್ಟುಕೊಳ್ಳಿ. ನಾಪೋಕ್ಲು ಕಡೆಯ, ಕೊಡವ ಮನೆತನದ ಮೂಲಮನೆಯಾದ ಐನ್‌ಮನೆಯೊಂದರಲ್ಲಿ ಆ ಹೊತ್ತಿಗೆ ಅಕ್ಕಿರೊಟ್ಟಿ ಸುಡುತ್ತಿರುತ್ತಾರೆ. ಅರೆಭಾಷೆಯಾಡುವ ಪಕ್ಕದ ಮನೆಯಲ್ಲಿ ಹಾಲು ಕರೆದು ಮುಗಿದಿರುತ್ತದೆ. ವಿರಾಜಪೇಟೆಯ ಮಲಯಾಳಂ ಮಾತಿನ ಮನೆಯಲ್ಲಿ ಪುಟ್ಟಿನ ಕೊಳವೆಯಿಂದ ಹಬೆ ಏಳುತ್ತಿರುತ್ತದೆ. ತೋಟದ ಕೂಲಿಕಾರರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಬುತ್ತಿ ಕಟ್ಟಿ ಮುಗಿದು ಬಾಗಿಲಿಗೆ ಬೀಗ ಬೀಳುವ ಸಮಯ. ಕುಶಾಲನಗರದಲ್ಲಿ ಕಾವೇರಿಯ ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆ. 1961ರಲ್ಲಿ ಆರಂಭವಾದ ಆ ಟಿಬೆಟನ್ ಶಿಬಿರದ ಮನೆಗಳಲ್ಲಿ ಬೆಣ್ಣೆ, ಉಪ್ಪು ಹಾಕಿದ ಚಹಾ ಕಡೆಯುವುದನ್ನು ಕಾಣಬಹುದು. ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಐದು ಅಡುಗೆಮನೆಗಳು ಸಿಕ್ಕವು. ಒಂದು ವರ್ಷದ ಕೆಲಸಕ್ಕೆ ಇಷ್ಟು ಸಾಕು.

ಎರಡನೆಯದು ಅನುಮತಿ. ಪಟ್ಟಣದಿಂದ ಬಂದವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಲೈನ್ ಮನೆಯ ಚಿತ್ರ ಬೇಕೆಂದು ತೋಟದ ಮಾಲೀಕರನ್ನೋ ಲೆಕ್ಕ ಬರೆಯುವ ರೈಟರನ್ನೋ ಕೇಳಿ, ಅವರ ಜೊತೆಯಲ್ಲೇ ಹೋಗಿ ನಿಂತರೆ, ಆ ಮನೆಯಾಕೆ ಬೇಡವೆನ್ನಲು ಸಾಧ್ಯವೇ? ದಾರಿಗಷ್ಟೇ ಮಾಲೀಕರ ಒಪ್ಪಿಗೆ. ಮುಖಕ್ಕೆ ಮುಖದವರದೇ ಒಪ್ಪಿಗೆ ಬೇಕು. ಯರವ, ಕುರುಬ ಹಾಡಿಗಳಿಗೂ, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೊದಲ ಭೇಟಿಗೆ ಕ್ಯಾಮೆರಾ ಒಯ್ಯಬೇಡಿ. ಎರಡನೆಯ ಸಲ ತೆಗೆದದ್ದನ್ನು ಪರದೆಯ ಮೇಲೆ ಅವರಿಗೇ ತೋರಿಸಿ, ಬೇಡವೆಂದದ್ದನ್ನು ಅವರ ಕಣ್ಣೆದುರೇ ಅಳಿಸಿ. ಐನ್‌ಮನೆಗಳಲ್ಲಿ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ತೂಗುದೀಪ ಮತ್ತು ಮೂಲಪುರುಷರಾದ ಗುರುಕಾರಣರ ಗುಡಿಯಾದ ಕೈಮಡ ಆ ಒಕ್ಕದವರಿಗೆ (ಮನೆತನದವರಿಗೆ) ಪೂಜ್ಯ ತಾಣಗಳು. ಹಿರಿಯರನ್ನು ಕೇಳದೆ ಅತ್ತ ಕ್ಯಾಮೆರಾ ತಿರುಗಿಸಬಾರದು. ಮಕ್ಕಳ ಸ್ನಾನದ ಚಿತ್ರಗಳು ಮನೆಯ ಆಲ್ಬಮ್ಮಿನಲ್ಲೇ ಉಳಿಯಲಿ.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ, ಪರಿಚಿತರ ಮನೆಯ ಹಿರಿಯಾಕೆಯೊಬ್ಬರು ಹಿತ್ತಲಿನಲ್ಲಿ ಕಾಳುಮೆಣಸು ಬಿಡಿಸುತ್ತಿದ್ದುದನ್ನು ಕಂಡು, “ಅಜ್ಜೀ, ನೆರಿಗೆ ಹಿಂದಕ್ಕೆ ಬರುವ ಹಾಗೆ ಕೊಡವ ಸೀರೆ ಉಟ್ಟುಕೊಂಡು ಬರ್ತೀರಾ?” ಎಂದು ಕೇಳಿದೆ. ಅವರು ಒಳಗೆ ಹೋಗಿ ಅರ್ಧ ಗಂಟೆಯ ನಂತರ ರೇಷ್ಮೆ ಸೀರೆಯಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಕೈಗಳು ಎಲ್ಲಿರಬೇಕೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅಷ್ಟರಲ್ಲಿ ಬಿಸಿಲು ಹೋಗಿತ್ತು. ಮೆಣಸನ್ನು ಸೊಸೆ ಒಳಗೆ ಒಯ್ದಿದ್ದರು. ಆ ಚಿತ್ರವನ್ನು ನಾನು ಯಾರಿಗೂ ತೋರಿಸಿಲ್ಲ.

ಇನ್ನು ಬೆಳಕು. ಹಳೆಯ ಮನೆಗಳ ಅಡುಗೆಮನೆ ಹೊಗೆ ಹಿಡಿದು ಕಪ್ಪಾಗಿರುತ್ತದೆ; ಕಿಟಕಿ ಒಂದೋ ಎರಡೋ, ಅವೂ ಚಿಕ್ಕವು. ಇಂಥ ಕಡೆ ಫ್ಲ್ಯಾಶ್ ಹಾಕಿದರೆ ಮುಖ ಸುಣ್ಣ ಬಳಿದಂತಾಗಿ ಹಿಂದಿನ ಗೋಡೆ ಕತ್ತಲೆಯಲ್ಲಿ ಮುಳುಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಮನೆಯವರ ಒಪ್ಪಿಗೆ ಪಡೆದು ಟ್ಯೂಬ್‌ಲೈಟನ್ನೂ ಆರಿಸಿ, ಏಕೆಂದರೆ ಕಿಟಕಿಯ ಬೆಳಕಿನೊಂದಿಗೆ ಅದು ಬೆರೆತಾಗ ಒಂದು ಕೆನ್ನೆ ನೀಲಿಯಾಗಿ ಇನ್ನೊಂದು ಹಸಿರಾಗಿ ಕಾಣುವುದುಂಟು. ಕಿಟಕಿ ನಿಮ್ಮ ಬೆನ್ನಿಗಲ್ಲ, ಪಕ್ಕಕ್ಕೆ ಬರುವಂತೆ ನಿಲ್ಲಿ. ಕತ್ತಲೆಯ ದೃಶ್ಯವನ್ನು ಕಂಡ ಕ್ಯಾಮೆರಾ ತಾನಾಗಿಯೇ ಅದನ್ನು ಬೆಳಗಿಸಲು ಹೋಗಿ ಮುಖದ ವಿವರಗಳನ್ನು ಅಳಿಸಿಬಿಡುತ್ತದೆ. ಆದ್ದರಿಂದ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕಿಳಿಯುವಷ್ಟು, ಕೆಳಗಿಳಿಸಿ. ಫೋನಿನಲ್ಲಾದರೆ ಮುಖದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಕೆಳಕ್ಕೆ ಜಾರಿಸಿದರಾಯಿತು. ಕ್ಯಾಮೆರಾ ಬಳಸುವವರು ಬೆಳಕಿಗೆ ಅದು ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 1600 ಅಥವಾ 3200 ಇಡಲು ಹಿಂಜರಿಯಬೇಕಿಲ್ಲ. ಕಾಳಿನಂತೆ ಕಾಣುವ ಒರಟುತನವನ್ನು ಸಹಿಸಬಹುದು, ಅಲುಗಿ ಮಸುಕಾದ ಕೈಯನ್ನು ಸಹಿಸಲಾಗದು. ದುಡಿಯುವ ಕೈಗೆ ಶಟರ್ ವೇಗ ಸೆಕೆಂಡಿನ 125ನೇ ಒಂದು ಭಾಗಕ್ಕಿಂತ ನಿಧಾನವಾಗಬಾರದು.

ಕಡಂಬುಟ್ಟಿನ ಉದಾಹರಣೆ ತೆಗೆದುಕೊಳ್ಳೋಣ. ಅಕ್ಕಿತರಿಯನ್ನು ನೀರಿನಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಅಂಗೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುತ್ತಾರೆ, ಆಮೇಲೆ ಹಬೆಯಲ್ಲಿಡುತ್ತಾರೆ. ಹೊಸಬರು ಕಾಯುವುದು ತಟ್ಟೆಯಲ್ಲಿ ಜೋಡಿಸಿದ ಬಿಳಿ ಉಂಡೆ ಮತ್ತು ಪಂದಿಕರಿಗೆ. ಅದು ಹೋಟೆಲಿನ ಚಿತ್ರ. ನೋಡಬೇಕಾದದ್ದು ಉಂಡೆ ಕಟ್ಟುವ ಮುಂಚಿನ ಗಳಿಗೆ: ನೀರಿನ ಬಟ್ಟಲಿಗೆ ಅದ್ದಿದ ಬೆರಳು, ಬಿಸಿ ತಾಳಲಾರದೆ ಉಂಡೆಯನ್ನು ಈ ಕೈಯಿಂದ ಆ ಕೈಗೆ ಹಾಯಿಸುವಾಗ ಬಳೆ ಮೊಣಕೈಯತ್ತ ಜಾರುವುದು, ಕಾಲ ಬಳಿ ನಿಂತ ಮಗು ಒಂದು ಚೂರಿಗಾಗಿ ಕೈ ಚಾಚುವುದು. ಪಾತ್ರೆಯ ಮುಚ್ಚಳ ತೆರೆದಾಗ ಹಬೆ ಚೆನ್ನಾಗಿ ಕಾಣಬೇಕಾದರೆ ಹಬೆಯ ಹಿಂದೆ ಕಿಟಕಿಯ ಬೆಳಕೂ, ಅದರಾಚೆ ಕಪ್ಪು ಗೋಡೆಯೂ ಇರಬೇಕು. ಇದಕ್ಕೆ ಹೊಗೆ ಕಟ್ಟಿದ ಹಳೆಯ ಅಡುಗೆಮನೆಗಿಂತ ಒಳ್ಳೆಯ ಸ್ಟುಡಿಯೊ ಇಲ್ಲ. ಫೋನಿನ ಅತಿ ಅಗಲದ ಲೆನ್ಸ್ ಅಂಚಿನಲ್ಲಿರುವವರ ತಲೆಯನ್ನು ಎಳೆದು ಉದ್ದ ಮಾಡುತ್ತದೆ. ಪೋರ್ಟ್ರೇಟ್ ಮೋಡ್ ಹಿಂದಿನ ಮನೆಯನ್ನೇ ಮಸುಕಾಗಿಸುತ್ತದೆ. ಎರಡನ್ನೂ ಬಿಡಿ.

ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಬೇಕು. 1977ರಲ್ಲಿ ಪದ್ಮಶ್ರೀ ಪಡೆದ ಅವರು ದೇಶವೆಲ್ಲ ಸುತ್ತಿ ಸಾಮಾನ್ಯ ಜನರನ್ನೂ ಮಕ್ಕಳನ್ನೂ ಅವರಿದ್ದಲ್ಲಿಯೇ, ಅವರಿದ್ದ ಹಾಗೆಯೇ ಚಿತ್ರಿಸಿದವರು.

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕರು ಕ್ಯಾಮೆರಾವನ್ನು ಬೀರುವಿಗೆ ಸೇರಿಸುತ್ತಾರೆ. ನನ್ನ ಮಟ್ಟಿಗೆ ಮನೆಯೊಳಗಿನ ಬದುಕಿಗೆ ಅದೇ ಸುಗ್ಗಿಯ ಕಾಲ, ಏಕೆಂದರೆ ಎಲ್ಲರೂ ಒಳಗಿರುತ್ತಾರೆ: ಒಲೆಯ ಮೇಲಿನ ಹಗ್ಗದಲ್ಲಿ ಶಾಲೆಯ ಸಮವಸ್ತ್ರ ಒಣಗುತ್ತಿರುತ್ತದೆ, ಕರೆಂಟಿಲ್ಲದ ಸಂಜೆಯಲ್ಲಿ ಮೂರು ತಲೆಮಾರು ಒಂದೇ ಬೆಂಕಿಯ ಸುತ್ತ ಕೂತಿರುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಬರುವ, ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸದ ಕಡುನೇರಳೆ ಬಣ್ಣವನ್ನು ಹಿಡಿಯಲು ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ‘ಮೋಡ’ದ ಗುರುತಿಗೆ ಕಟ್ಟಿಹಾಕಿ; ತಾನಾಗಿ ಆಯ್ದುಕೊಳ್ಳಲು ಬಿಟ್ಟರೆ ಕ್ಯಾಮೆರಾ ಅದನ್ನು ಕಂದು ಮಾಡಿಬಿಡಬಹುದು. ಹೊರಗಿನ ಚಳಿಯಿಂದ ಒಲೆಯ ಬಳಿಗೆ ಬಂದೊಡನೆ ಲೆನ್ಸಿಗೆ ಮಂಜು ಕವಿಯುವುದರಿಂದ ಕಾಲು ಗಂಟೆ ಚೀಲದೊಳಗೇ ಇಟ್ಟು, ಆ ಹೊತ್ತಿನಲ್ಲಿ ಕೊಟ್ಟ ಕಾಫಿ ಕುಡಿಯಿರಿ. ಮನೆಗೆ ಮರಳಿದ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಚರ್ಮದ ಚೀಲದಲ್ಲಿ ಮಳೆಗಾಲ ಕಳೆದ ನನ್ನ ಲೆನ್ಸೊಂದರ ಒಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆದಿತ್ತು; ಒರೆಸಿದರೆ ಹೋಗುವಂಥದ್ದಲ್ಲ ಅದು.

ಚಿತ್ರ ತೆಗೆದ ದಿನವೇ ವಿವರ ಬರೆದಿಡಿ: ತಾರೀಖು, ಊರು, ಮನೆತನ, ಏನು ನಡೆಯುತ್ತಿತ್ತು, ಆ ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ. ಸಂಬಂಧಸೂಚಕ ಪದಗಳಲ್ಲಿ ಎಚ್ಚರ ಬೇಕು. ಕೊಡವ ಮನೆಯ ಹುಡುಗಿ “ಇದು ನನ್ನ ತಾಯಿ” ಎಂದರೆ ಆಕೆ ತೋರಿಸುತ್ತಿರುವುದು ಅಜ್ಜಿಯನ್ನಾಗಿರಬಹುದು. ಅಮ್ಮನಿಗೆ ಅಲ್ಲಿ ಅವ್ವ ಎನ್ನುತ್ತಾರೆ. ಕೇಳಿ ಖಚಿತಪಡಿಸಿಕೊಳ್ಳದೆ ಬರೆದರೆ ಒಂದು ತಲೆಮಾರೇ ಅದಲುಬದಲಾಗುತ್ತದೆ.

ಕೊನೆಗೆ, ಒಳ್ಳೆಯದೊಂದನ್ನು ಕಾಗದದ ಮೇಲೆ ಮುದ್ರಿಸಿ ಆ ಮನೆಗೇ ಒಯ್ದು ಕೊಡಿ. ಲೈನ್ ಮನೆಯವರು ಕೊಯ್ಲು ಮುಗಿದೊಡನೆ ಊರಿಗೆ ಹೊರಡುವುದುಂಟು, ಆದ್ದರಿಂದ ರೊಬಸ್ಟಾ ಕೊಯ್ಲು ಮುಗಿಯುವ ಮೊದಲೇ ತಲುಪಿಸಬೇಕು. ಚೌಕಟ್ಟು ಹಾಕಿಸಿ ಕೊಡುವುದಾದರೆ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಮೌಂಟ್ ಕಾಗದ ಇಡುವಂತೆ ಅಂಗಡಿಯವರಿಗೆ ಹೇಳಿ; ಹಾಗೆ ಮಾಡದಿದ್ದರೆ ಒಂದೆರಡು ಮಳೆಗಾಲದಲ್ಲೇ ಚಿತ್ರ ಗಾಜಿಗೆ ಅಂಟಿಕೊಂಡು, ಬಿಡಿಸಹೋದಾಗ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ.