ಪುಸ್ತಕ ಮುಚ್ಚಿಸಿ, ಪೆನ್ನು ಕೊಡಿ

ನಮ್ಮ ಶಿರಸಿ ಕಡೆ ಮೊದಲ ಸೆಮಿಸ್ಟರ್ ಪರೀಕ್ಷೆ ಬರೋದೇ ಕೆಟ್ಟ ಹೊತ್ತಲ್ಲಿ. ಚಕ್ಕುಲಿ ಕಂಬಳ (ಎಲ್ಲರೂ ಸೇರಿ ಚಕ್ಕುಲಿ ಮಾಡೋದು), ಚೌತಿ, ನೆಂಟರು ಎಲ್ಲ ಮುಗಿದು ಡಬ್ಬದ ತಳದಲ್ಲಿ ನಾಲ್ಕು ಚೂರು ಉಳಿದಿರುತ್ತವೆ, ಅಷ್ಟರಲ್ಲಿ ಟೈಮ್ ಟೇಬಲ್ ಬಂದುಬಿಡುತ್ತದೆ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ಕರೆಂಟ್ ಇದ್ದರೆ ಇತ್ತು. ಆಗ ನಾವು ಮಾಡೋದು ಒಂದೇ, ಅಡುಗೆಮನೆಯಿಂದ "ಓದು, ಓದು" ಅಂತ ಕೂಗೋದು. ಅದನ್ನು ಮೊದಲು ನಿಲ್ಲಿಸಿ.

ನನ್ನ ಮಗ ಹತ್ತನೇ ಕ್ಲಾಸಿನಲ್ಲಿದ್ದಾಗ ಜೀವಕ್ರಿಯೆಗಳ ಪಾಠ ನಾಲ್ಕು ಸಲ ಓದಿ "ಯಂಗೆ ಎಲ್ಲ ಬರ್ತು ಆಯಿ" (ನನಗೆಲ್ಲ ಬರುತ್ತದೆ ಅಮ್ಮ) ಅಂದ. ಸರಿ, ಪುಸ್ತಕ ಮುಚ್ಚು, ಹೃದಯದ ಚಿತ್ರ ಬಿಡಿಸು ಅಂತ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಕೊಟ್ಟೆ. ಹೊರಗಿನ ಗೆರೆ ಚಂದ ಬಂತು. ಭಾಗಗಳ ಹೆಸರು ಬರೆಯುವಾಗ ಸಿಕ್ಕಿಬಿದ್ದ, ಎಡ ಹೃತ್ಕುಕ್ಷಿಯನ್ನು, ಅಂದರೆ ಹೃದಯದ ಕೆಳಗಿನ ಎಡ ಕೋಣೆಯನ್ನು, ಹಾಳೆಯ ಎಡಕ್ಕೇ ಬರೆದಿದ್ದ. ಚಿತ್ರದಲ್ಲಿರೋದು ನಮ್ಮ ಎದುರು ನಿಂತವರ ಹೃದಯ, ಅವರ ಎಡ ನಮಗೆ ಬಲ, ಅಲ್ವಾ? ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತ ಹರಿಯುತ್ತದೆ ಅನ್ನೋದೂ ಉಲ್ಟಾ ಆಗಿತ್ತು. ಓದುವಾಗ ಪುಸ್ತಕ ಎದುರಿಗೇ ಇರುತ್ತದೆ, ಹಾಗಾಗಿ ಎಲ್ಲವೂ ಗೊತ್ತಿದ್ದಂತೆ ಅನ್ನಿಸುತ್ತದೆ, ಅಷ್ಟೇ.

ಅಂದಿನಿಂದ ನಮ್ಮ ಮನೆಯಲ್ಲಿ ದಿನಾ ಇದೇ ಕ್ರಮ. ಒಂದು ಪಾಠ ಓದಿದ ಮೇಲೆ ಪುಸ್ತಕ ನನ್ನ ಕೈಗೆ. ಅವನು ಅರ್ಧ ಗಂಟೆ ನೆನಪಿದ್ದಷ್ಟು ಬರೆಯಬೇಕು, ಆಮೇಲೆ ತಾನೇ ಪುಸ್ತಕ ನೋಡಿ ಬಿಟ್ಟಿದ್ದನ್ನೆಲ್ಲ ಕೆಂಪು ಪೆನ್ನಲ್ಲಿ ಸೇರಿಸಬೇಕು. ಮರುದಿನ ಬೆಳಿಗ್ಗೆ ಬರೀ ಆ ಕೆಂಪು ಸಾಲುಗಳು. ಮೂರು ನಾಲ್ಕು ದಿನ ಬಿಟ್ಟು ಅದೇ ಪಾಠವನ್ನು ಮತ್ತೊಮ್ಮೆ ನೋಡದೆ ಬರೆಸಿ. ಮರೆತಿರುತ್ತಾರೆ, ಬಯ್ಯಬೇಡಿ. ಮರೆತದ್ದನ್ನು ಕಷ್ಟಪಟ್ಟು ನೆನಪು ಮಾಡಿಕೊಂಡರೇ ಅದು ಗಟ್ಟಿಯಾಗೋದು. ನಿಮಗೆ ವಿಷಯ ಗೊತ್ತಿರಬೇಕು ಅಂತೇನೂ ಇಲ್ಲ, ಪಾಠದ ಕೊನೆಯ ಪ್ರಶ್ನೆ ಓದಿ ಹೇಳಿದರೆ ಸಾಕು. ಲೆಕ್ಕಕ್ಕಂತೂ ಬೇರೆ ದಾರಿಯೇ ಇಲ್ಲ, ಬಿಡಿಸಿದ ಲೆಕ್ಕವನ್ನು ಓದುತ್ತಾ ಕೂತರೆ ಏನೂ ಬರುವುದಿಲ್ಲ.

ಪರೀಕ್ಷೆಗೆ ಒಂದು ವಾರ ಇರುವಾಗ ಹಳೇ ಪ್ರಶ್ನೆಪತ್ರಿಕೆ ಹಿಡಿಯಿರಿ. ಎಸ್ಸೆಸ್ಸೆಲ್ಸಿ ಮಕ್ಕಳಾದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ನಮ್ಮೂರಲ್ಲಿ ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು, ಅದಕ್ಕೇ ಪೇಟೆಗೆ ಹೋದಾಗ ಝೆರಾಕ್ಸ್ ಅಂಗಡಿಯಲ್ಲೇ ಪ್ರಿಂಟ್ ತೆಗೆಸಿಕೊಂಡು ಬರುತ್ತಿದ್ದೆ. ವಿಜ್ಞಾನ, ಗಣಿತ, ಸಮಾಜಕ್ಕೆ ಬರವಣಿಗೆಗೆ 80 ಅಂಕ, ಉಳಿದ 20 ಶಾಲೆಯಿಂದಲೇ. ಪ್ರಶ್ನೆಗೆ ಎಷ್ಟು ಅಂಕ ಅಂತ ನೋಡಿಕೊಂಡು ಬರೆಯೋದನ್ನು ಕಲಿಸಿ. ಒಂದು ಅಂಕದ ಪ್ರಶ್ನೆಗೆ ಅರ್ಧ ಪುಟ ತುಂಬಿಸಿ ಕೊನೆಗೆ ಟೈಮ್ ಸಾಲದೆ ಐದು ಅಂಕದ್ದನ್ನೇ ಬಿಟ್ಟು ಬರುವ ಮಕ್ಕಳು ಬೇಕಾದಷ್ಟಿದ್ದಾರೆ. ಗಡಿಯಾರ ಎದುರಿಗಿಟ್ಟು ಒಂದೆರಡು ಪತ್ರಿಕೆಯನ್ನಾದರೂ ಪೂರ್ತಿ ಬರೆಸಿ.

ಮೊಬೈಲ್ ಕಸಿದುಕೊಳ್ಳೋ ಜಗಳ ಬೇಡ. ಬರೆಯುವಾಗ ಅವನದೂ ನಿಮ್ಮದೂ ಎರಡೂ ದೇವರ ಕೋಣೆಯಲ್ಲಿರಲಿ. ವಾರ್ಷಿಕ ಪರೀಕ್ಷೆ ಹೊತ್ತಿಗೆ ಮಾರಿಕಾಂಬಾ ಜಾತ್ರೆ ಬಂದರೂ ಅಷ್ಟೇ (2024ರಲ್ಲಿ ಎರಡೂ ಮಾರ್ಚ್‌ನಲ್ಲೇ ಶುರುವಾಗಿದ್ದವು), ಒಂದು ಸಂಜೆ ಕರೆದುಕೊಂಡು ಹೋಗಿಬನ್ನಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಕಳಿಸದೆ ಮನೆಯಲ್ಲಿ ಕೂರಿಸಿದರೆ ಮನಸ್ಸು ತೊಟ್ಟಿಲಲ್ಲೇ ತಿರುಗುತ್ತಿರುತ್ತದೆ.

ಹಿಂದಿನ ರಾತ್ರಿ ಹೊಸ ಪಾಠ ಬೇಡವೇ ಬೇಡ. ಚಾರ್ಜಿಂಗ್ ಲೈಟ್ ಹಾಕಿಕೊಂಡು ರಾತ್ರಿ ಒಂದು ಗಂಟೆವರೆಗೆ ಕೂರೋದೂ ಬೇಡ, ಹತ್ತಕ್ಕೆ ಮಲಗಲಿ. ಮೂರು ಪೆನ್ನು, ಪೆನ್ಸಿಲ್, ಸ್ಕೇಲ್ ಎಲ್ಲ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿ. ಯಾವಾಗಲೂ ಹೋಗುವ ಬಸ್ಸಿಗಿಂತ ಒಂದು ಬಸ್ಸು ಮೊದಲೇ ಹೊರಡಿಸಿ, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗೋದು ಹೊಸದೇನಲ್ಲ.

ಒದ್ದೆಯಾಗಿ ಮನೆಗೆ ಬಂದ ಕೂಡಲೇ ಪ್ರಶ್ನೆಪತ್ರಿಕೆ ಇಸಕೊಂಡು "ಇದಕ್ಕೆ ಏನು ಬರೆದೆ" ಅಂತ ಶುರು ಮಾಡಬೇಡಿ. ಟವೆಲ್ ಕೊಡಿ, ಬಿಸಿ ಕಷಾಯ ಕೊಡಿ, ನಾಳೆ ಯಾವ ಪರೀಕ್ಷೆ ಅಂತ ಮಾತ್ರ ಕೇಳಿ.